ಉಣುಗಿನ ಊಟ, ಮನುಷ್ಯನ ಜ್ವರ
ಮಂಗನ ಕಾಯಿಲೆಯ ಕುರಿತು ಮಲೆನಾಡಿನ ಸದ್ಭಕ್ತರು ಅರಿಯಬೇಕಾದ ಸಂಗತಿಗಳು

ಅಡಿಕೆಯ ಕೊನೆ ಇಳಿಯುವ ಕಾಲ, ಕಾಫಿ ಹಣ್ಣು ಕೊಯ್ಯುವ ಕಾಲ, ಕೊಟ್ಟಿಗೆಗೆ ದರಗು ಗುಡಿಸಿ ತರುವ ಕಾಲ ಇವೆಲ್ಲವೂ ನಮ್ಮ ಮಲೆನಾಡಿನಲ್ಲಿ ಕಾರ್ತಿಕದಿಂದ ಫಾಲ್ಗುಣದವರೆಗಿನ ತಿಂಗಳುಗಳಲ್ಲಿಯೇ ಕೂಡಿ ಬರುತ್ತವೆ. ಮಂಗನ ಕಾಯಿಲೆಯೂ ಬಹುಮಟ್ಟಿಗೆ ಇದೇ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ಕೇವಲ ಆಕಸ್ಮಿಕವೆಂದು ತಿಳಿಯಬಾರದು. ರೋಗವನ್ನು ಹೊತ್ತು ತರುವ ಒಂದು ಸಣ್ಣ ಜೀವಿಯ ಊಟದ ಕಾಲವೂ, ಕಾಡಿನ ಅಂಚಿನಲ್ಲಿ ನಾವು ದುಡಿಯುವ ಕಾಲವೂ ಒಂದೇ ಆಗಿರುವುದರಿಂದ ಹೀಗಾಗುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಭಕ್ತರು ನಮ್ಮಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ: "ತೋಟಕ್ಕೆ ಮಂಗಗಳು ಬರುತ್ತಿವೆ, ಕಾಯಿಲೆ ಅವುಗಳಿಂದಲೇ ಬರುವುದಲ್ಲವೇ?" ರೋಗದ ಹೆಸರೇ ಜನರನ್ನು ಈ ತಪ್ಪು ತಿಳಿವಳಿಕೆಗೆ ಒಯ್ದಿದೆ. ಮಂಗವು ಕಚ್ಚಿದ್ದರಿಂದಲೋ, ಅದರ ಉಸಿರಿನಿಂದಲೋ ಈ ಜ್ವರ ಬರುವುದಿಲ್ಲ. ಮಂಗವೂ ನಮ್ಮಂತೆಯೇ ಈ ರೋಗಕ್ಕೆ ತುತ್ತಾಗುವ ಜೀವಿ. ಇಬ್ಬರಿಗೂ ರೋಗವನ್ನು ಮುಟ್ಟಿಸುವುದು ಉಣುಗು. ಕೆಲವೆಡೆ ಇದನ್ನು ಉಣ್ಣೆ, ಉಣ್ಣಿ ಎಂದೂ ಕರೆಯುತ್ತಾರೆ. ಈ ಉಣುಗು ಯಾರ ರಕ್ತವನ್ನು, ಯಾವ ಕಾಲದಲ್ಲಿ, ಎಷ್ಟು ದಿನ ಕುಡಿಯುತ್ತದೆ ಎಂಬುದನ್ನು ಅರಿತವರಿಗೆ ತಮ್ಮನ್ನು ಕಾಪಾಡಿಕೊಳ್ಳುವ ದಾರಿಯೂ ತಾನಾಗಿ ತಿಳಿಯುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಔಷಧಿಯ ಮಾತಿಗಿಂತ ಮೊದಲು ಉಣುಗಿನ ಊಟದ ವಿಚಾರವನ್ನೇ ವಿವರಿಸುತ್ತೇವೆ.

ಕ್ಯಾಸನೂರಿನ ಕಾಡಿನಲ್ಲಿ

1957ರ ಬೇಸಿಗೆಯ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಅದೇ ಹೊತ್ತಿನಲ್ಲಿ ಆ ಕಾಡಿಗೆ ಸೌದೆ, ಸೊಪ್ಪಿಗೆಂದು ಹೋಗಿಬರುತ್ತಿದ್ದ ಹಳ್ಳಿಗರಲ್ಲಿ ತೀವ್ರವಾದ ಜ್ವರ ಕಾಣಿಸಿತು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿಗೆ ಬಂದರು. ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯೇ ಆ ಕೇಂದ್ರ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ ಎಂಬುದು ಅಂದಿನ ವೈದ್ಯಲೋಕದ ಅನುಭವವಾಗಿತ್ತು. ಹಳದಿ ಜ್ವರವನ್ನು ಹರಡುವುದು ಸೊಳ್ಳೆ. ಆದುದರಿಂದ ಆ ರೋಗವೇ ಭಾರತಕ್ಕೆ ಬಂದುಬಿಟ್ಟಿತೇ ಎಂಬ ಆತಂಕ ಮೊದಲು ಮೂಡಿತು.

ಆದರೆ ರೋಗಿಗಳ ಮತ್ತು ಮಂಗಗಳ ರಕ್ತದಲ್ಲಿ ದೊರೆತ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ಅದು ರಷ್ಯಾ ದೇಶದ ಕಾಡುಗಳಲ್ಲಿ ಉಣುಗಿನ ಮೂಲಕ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ಬಂಧುವಾಗಿತ್ತು. ಆಗ ಸಂಶೋಧಕರು ಸೊಳ್ಳೆಯನ್ನು ಬಿಟ್ಟು ಕಾಡಿನ ನೆಲದತ್ತ ದೃಷ್ಟಿ ಹರಿಸಿದರು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗೇ ಇದರ ಮುಖ್ಯ ವಾಹಕವೆಂಬುದು ತಿಳಿದುಬಂದಿತು. ರೋಗಕ್ಕೆ ಕ್ಯಾಸನೂರು ಕಾಡಿನ ರೋಗವೆಂಬ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ನೆಲೆಗೊಂಡಿತು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಗಿಯೇ ಉಳಿಯಿತು.

ಅಂದಿನಿಂದ ಈ ರೋಗವು ಶಿವಮೊಗ್ಗ ಜಿಲ್ಲೆಯ ಗಡಿಯನ್ನು ದಾಟಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ, ನೆರೆಯ ಕೇರಳದ ವಯನಾಡು, ಗೋವಾ ಮತ್ತು ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಾಣಿಸಿಕೊಂಡಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಂಭವಿಸಿದ ಸಾವುನೋವು ಹಲವರ ನೆನಪಿನಲ್ಲಿರಬಹುದು. 2024ರ ಆರಂಭದಲ್ಲಿ ಶೃಂಗೇರಿ ತಾಲ್ಲೂಕಿನ ಹಿರಿಯರೊಬ್ಬರು ಇದೇ ಜ್ವರದಿಂದ ತೀರಿಕೊಂಡರು. ಇದು ದೂರದ ಯಾವುದೋ ಕಾಡಿನ ರೋಗವಾಗಿ ಇಂದು ಉಳಿದಿಲ್ಲ.

ಒಂದು ಬಾಳಿನಲ್ಲಿ ಮೂರೇ ಊಟ

ಉಣುಗನ್ನು ನಾವು ಮಾತಿನಲ್ಲಿ ಹುಳು ಎನ್ನುತ್ತೇವೆಯಾದರೂ ಅದು ಕೀಟವರ್ಗಕ್ಕೆ ಸೇರಿದ್ದಲ್ಲ. ಕೀಟಗಳಿಗೆ ಆರು ಕಾಲುಗಳು. ಬೆಳೆದ ಉಣುಗಿಗೆ ಎಂಟು ಕಾಲುಗಳು. ಅದು ಜೇಡ ಮತ್ತು ಚೇಳುಗಳ ಬಳಗದ್ದು. ಅದಕ್ಕೆ ರೆಕ್ಕೆಯಿಲ್ಲ, ಅದು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ರಕ್ತದ ಹೊರತು ಅದಕ್ಕೆ ಬೇರೆ ಆಹಾರವೂ ಇಲ್ಲ.

ಮಲೆನಾಡಿನ ಈ ಉಣುಗು ತನ್ನ ಇಡೀ ಬಾಳಿನಲ್ಲಿ ಮೂರು ಬಾರಿ ಮಾತ್ರ ಊಟ ಮಾಡುತ್ತದೆ. ಮೂರು ಊಟಗಳನ್ನೂ ಮೂರು ಬೇರೆ ಬೇರೆ ಪ್ರಾಣಿಗಳ ಮೈಮೇಲೆ ಮಾಡುತ್ತದೆ. ಮೊಟ್ಟೆಯಿಂದ ಹೊರಬಂದ ಮೊದಲ ಹಂತದ ಮರಿಗೆ ಲಾರ್ವಾ ಎಂದು ಹೆಸರು. ಇದಕ್ಕೆ ಆರೇ ಕಾಲುಗಳಿರುತ್ತವೆ. ಮಳೆಗಾಲ ಮುಗಿಯುತ್ತ ಬಂದಂತೆ ಇವು ಕಾಡಿನ ನೆಲದಲ್ಲಿ ಗುಂಪುಗುಂಪಾಗಿ ಹೊರಬರುತ್ತವೆ. ಕಾಡಿಲಿ, ಸೊಂಡಿಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ, ಮಂಗ ಇವುಗಳ ಮೈಯನ್ನು ಹತ್ತಿ ಮೊದಲ ಊಟ ಮುಗಿಸುತ್ತವೆ. ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಉದುರಿ, ತರಗೆಲೆಗಳ ಅಡಿಯಲ್ಲಿ ಅಡಗಿ ಪೊರೆ ಕಳಚುತ್ತವೆ.

ಹೀಗೆ ಪೊರೆ ಕಳಚಿ ಹೊರಬರುವ ಎರಡನೆಯ ಹಂತದ ಮರಿಗೆ ನಿಂಫ್ ಎಂದು ಹೆಸರು. ನಮಗೆ ಅಪಾಯಕಾರಿಯಾದುದು ಮುಖ್ಯವಾಗಿ ಇದೇ. ಇದಕ್ಕೆ ಎಂಟು ಕಾಲುಗಳಿದ್ದರೂ ಗಾತ್ರದಲ್ಲಿ ರಾಗಿಕಾಳಿಗಿಂತ ದೊಡ್ಡದಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಇವು ಕಾಡಿನಲ್ಲಿ ಓಡಾಡುತ್ತವೆ. ಜನವರಿಯಿಂದ ಮಾರ್ಚಿಯವರೆಗೆ ಇವುಗಳ ಹಾವಳಿ ಹೆಚ್ಚು. ಇವು ಮತ್ತೆ ಇಲಿ, ಹಕ್ಕಿ, ಮಂಗಗಳನ್ನು ಅರಸುತ್ತವೆ, ಕೈಗೆ ಸಿಕ್ಕರೆ ಮನುಷ್ಯನನ್ನೂ ಬಿಡುವುದಿಲ್ಲ. ಎರಡನೆಯ ಊಟ ಮುಗಿಸಿ ಮತ್ತೆ ನೆಲಕ್ಕೆ ಬಿದ್ದು ಪೊರೆ ಕಳಚಿದಾಗ ಪೂರ್ಣ ಬೆಳೆದ ಉಣುಗಾಗುತ್ತದೆ. ಇದು ಹೊರಡುವುದು ಮಳೆಗಾಲದಲ್ಲಿ. ಇದಕ್ಕೆ ಬೇಕಾದುದು ದೊಡ್ಡ ಪ್ರಾಣಿ: ದನ, ಎಮ್ಮೆ, ಕಡವೆ ಮುಂತಾದವು. ಮೂರನೆಯ ಊಟದಲ್ಲಿ ಹೆಣ್ಣು ಉಣುಗು ಮೈತುಂಬ ರಕ್ತ ಹೀರಿ ಉಬ್ಬಿ, ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಅಲ್ಲಿಂದ ಚಕ್ರ ಮತ್ತೆ ಮೊದಲಾಗುತ್ತದೆ.

ದನದ ಕಿವಿಯಲ್ಲಿ, ಕೆಚ್ಚಲಿನ ಸಂದಿಯಲ್ಲಿ ಹುರುಳಿಕಾಳಿನಂತೆ ಉಬ್ಬಿ ಕುಳಿತ ಉಣುಗನ್ನು ನಾವೆಲ್ಲರೂ ಕಂಡಿದ್ದೇವೆ. ಉಣುಗೆಂದರೆ ಅದೇ ಎಂದು ಬಹುಜನರು ತಿಳಿದಿದ್ದಾರೆ. ನಮ್ಮ ಮೈಗೆ ಹತ್ತಿ ಜ್ವರ ತರುವುದು ಕಣ್ಣಿಗೆ ಸುಲಭವಾಗಿ ಬೀಳದ ಅದರ ಮರಿ ಎಂಬುದನ್ನು ಸದ್ಭಕ್ತರು ವಿಶೇಷವಾಗಿ ಮನಸ್ಸಿನಲ್ಲಿಡಬೇಕು.

ಊಟಕ್ಕೆ ಕಾಯುವ ಬಗೆ

ನಿಂಫ್ ತನ್ನ ಆಹಾರವನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಹುಲ್ಲಿನ ತುದಿಯನ್ನೋ, ತಗ್ಗಿನ ಪೊದೆಯ ಎಲೆಯನ್ನೋ, ತರಗೆಲೆಯ ಅಂಚನ್ನೋ ಹತ್ತಿ, ಹಿಂಗಾಲುಗಳಿಂದ ಹಿಡಿದುಕೊಂಡು, ಮುಂಗಾಲುಗಳನ್ನು ಚಾಚಿ ಕುಳಿತಿರುತ್ತದೆ. ಆ ಮುಂಗಾಲುಗಳಲ್ಲಿ ಉಸಿರಿನ ವಾಯು, ಮೈಯ ಶಾಖ ಮತ್ತು ಬೆವರಿನ ವಾಸನೆಗಳನ್ನು ಗ್ರಹಿಸುವ ಇಂದ್ರಿಯವಿದೆ. ಪ್ರಾಣಿಯೋ ಮನುಷ್ಯನೋ ಪಕ್ಕದಲ್ಲಿ ಹಾದುಹೋಗುವಾಗ ಬಟ್ಟೆಗೋ ಕೂದಲಿಗೋ ಸಿಕ್ಕಿಕೊಂಡು ಮೈಗೆ ಬರುತ್ತದೆ. ಅದು ಹೆಚ್ಚಾಗಿ ಕಾಲಿನಿಂದ ಮೇಲಕ್ಕೆ ಹತ್ತುವುದು ಇದೇ ಕಾರಣದಿಂದ. ತೆಳುವಾದ ಚರ್ಮವಿರುವ ಮರೆಯ ಜಾಗ ದೊರೆಯುವವರೆಗೂ ಅದು ಮೈಮೇಲೆ ಹರಿದಾಡುತ್ತದೆ.

ಜಾಗ ಹಿಡಿದ ಮೇಲೆ ಅದರ ಊಟ ಸೊಳ್ಳೆಯಂತೆ ನಿಮಿಷದಲ್ಲಿ ಮುಗಿಯುವುದಿಲ್ಲ, ಹಲವು ದಿನಗಳವರೆಗೂ ನಡೆಯುತ್ತದೆ. ಮುಳ್ಳುಗಳಿರುವ ಬಾಯಿಯ ಭಾಗವನ್ನು ಚರ್ಮದೊಳಗೆ ಊರಿ ಭದ್ರವಾಗಿ ಕುಳಿತುಕೊಳ್ಳುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯಗಳಿವೆ, ನೋವು ತುರಿಕೆಗಳು ತಿಳಿಯದಂತೆ ಮಾಡುವ ದ್ರವ್ಯಗಳೂ ಇವೆ. ಹೀಗಾಗಿ ಕಚ್ಚಿಸಿಕೊಂಡವರಿಗೆ ಬಹುಮಟ್ಟಿಗೆ ಅರಿವೇ ಆಗುವುದಿಲ್ಲ. ವೈರಾಣು ಇರುವ ಉಣುಗಾದರೆ ಈ ಎಂಜಲಿನ ಜೊತೆಯಲ್ಲಿಯೇ ಅದು ನಮ್ಮ ರಕ್ತವನ್ನು ಸೇರುತ್ತದೆ. "ನಮಗೆ ಉಣುಗು ಕಚ್ಚಿಯೇ ಇಲ್ಲ" ಎಂದು ರೋಗಿ ಹೇಳಿದ ಮಾತ್ರಕ್ಕೆ ಮಂಗನ ಕಾಯಿಲೆಯಲ್ಲವೆಂದು ತೀರ್ಮಾನಿಸಬಾರದು.

ಮಂಗ, ಇಲಿ, ದನ, ಮನುಷ್ಯ

ಮೂರು ಊಟಗಳ ಈ ಕ್ರಮವನ್ನು ಅರಿತರೆ ಯಾವ ಪ್ರಾಣಿಯ ಪಾತ್ರ ಏನೆಂಬುದು ಸ್ಪಷ್ಟವಾಗುತ್ತದೆ. ಮೊದಲ ಊಟವನ್ನು ವೈರಾಣುವಿರುವ ಇಲಿಯ ಮೇಲೋ ಮಂಗದ ಮೇಲೋ ಮಾಡಿದ ಮರಿಯು ಪೊರೆ ಕಳಚಿದರೂ ವೈರಾಣುವನ್ನು ಕಳೆದುಕೊಳ್ಳುವುದಿಲ್ಲ. ಎರಡನೆಯ ಊಟಕ್ಕೆ ಹೊರಟಾಗ ಅದು ರೋಗವನ್ನು ಹೊತ್ತೇ ಹೊರಡುತ್ತದೆ.

ಇಲಿ, ಸೊಂಡಿಲಿಗಳು ವೈರಾಣುವನ್ನು ಕಾಡಿನಲ್ಲಿ ಸದ್ದಿಲ್ಲದೆ ಉಳಿಸಿಕೊಂಡು ಬರುತ್ತವೆ. ಕಪ್ಪು ಮುಖದ ಮುಸುವ ಮತ್ತು ಕೆಂಪು ಮುಖದ ಮಂಗಗಳಲ್ಲಿ ವೈರಾಣು ಅಪಾರವಾಗಿ ವೃದ್ಧಿಯಾಗುತ್ತದೆ, ಅವು ಬೇಗ ಸಾಯುತ್ತವೆ. ಒಂದು ಮಂಗದ ಮೈಮೇಲೆ ನೂರಾರು ಮರಿಗಳು ಊಟ ಮಾಡುತ್ತಿರಬಹುದು. ಅದು ಸತ್ತು ಮೈ ತಣ್ಣಗಾದಾಗ ಅವೆಲ್ಲ ಅಲ್ಲಿಯೇ ಉದುರುತ್ತವೆ. ಸತ್ತ ಮಂಗವಿದ್ದ ಜಾಗವು ಮುಂದೆ ಹಲವು ವಾರಗಳ ಕಾಲ ಅಪಾಯಕಾರಿಯಾಗಿರುವುದು ಇದರಿಂದ. ದೇಹ ಕೊಳೆತು ಹೋಯಿತು, ಇನ್ನು ಭಯವಿಲ್ಲ ಎಂದು ಅಲ್ಲಿ ಸೌದೆ ಆಯುವುದು ಸಲ್ಲದು.

ದನಕರುಗಳಿಗೆ ಈ ರೋಗ ಬಾಧಿಸುವುದಿಲ್ಲ, ಅವುಗಳ ರಕ್ತದಿಂದ ವೈರಾಣು ಹೆಚ್ಚುವುದೂ ಇಲ್ಲ. ಆದರೆ ಬೆಳೆದ ಉಣುಗಿಗೆ ಅವು ಹೊಟ್ಟೆತುಂಬ ಊಟ ನೀಡುತ್ತವೆ. ಕಾಡಿನಲ್ಲಿ ಮೇಯುವ ದನಗಳು ಹೆಚ್ಚಿದಂತೆ ಮೊಟ್ಟೆಯಿಡುವ ಉಣುಗುಗಳ ಸಂಖ್ಯೆಯೂ ಹೆಚ್ಚುತ್ತದೆ. ಇನ್ನು ಮನುಷ್ಯನು ಈ ಸರಪಳಿಯ ಕೊನೆಯ ಕೊಂಡಿ. ನಮ್ಮಿಂದ ಮತ್ತೊಬ್ಬರಿಗೆ ಈ ರೋಗ ಅಂಟುವುದಿಲ್ಲ. ಆದುದರಿಂದ ಮಂಗನ ಕಾಯಿಲೆಯ ರೋಗಿಯನ್ನು ಮನೆಯವರೂ ಊರವರೂ ದೂರವಿಡುವ ಅಗತ್ಯವಿಲ್ಲ. ಅವರಿಗೆ ನೀರು ಕೊಡಲು, ಆರೈಕೆ ಮಾಡಲು ಯಾರೂ ಅಂಜಬೇಕಾಗಿಲ್ಲ.

ಕಾಡು ಊರಿನ ಅಂಚಿಗೆ ಬಂದಾಗ

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ವೈದ್ಯ ಜಾರ್ಜ್ ಬೋಷೆಲ್ ಅವರು ಅಲ್ಲಿನ ಕಾಡುಗಳಲ್ಲಿ ಹಳದಿ ಜ್ವರದ ಅಧ್ಯಯನ ಮಾಡುತ್ತಿದ್ದರು. ನೆಲದ ಮೇಲೆ ಎಷ್ಟು ಹುಡುಕಿದರೂ ಸಿಗದ ನೀಲಿ ಸೊಳ್ಳೆಗಳು, ಮರ ಕಡಿಯುವವರು ಹೆಮ್ಮರವೊಂದನ್ನು ಉರುಳಿಸಿದೊಡನೆ ಅವರ ಸುತ್ತ ಮುತ್ತಿಕೊಂಡುದನ್ನು ಅವರು ಕಂಡರು. ಮರದ ತಲೆಯ ಮೇಲಿನ ಮಂಗಗಳ ರಕ್ತವನ್ನುಂಡು ಬಾಳುತ್ತಿದ್ದ ಸೊಳ್ಳೆಗಳನ್ನು ಮನುಷ್ಯನೇ ಕೊಡಲಿಯಿಂದ ಕೆಳಗಿಳಿಸಿಕೊಂಡಿದ್ದನು. ಇದೇ ಬೋಷೆಲ್ ಅವರು ಮುಂದೆ ನಮ್ಮ ನಾಡಿಗೆ ಬಂದು ಕ್ಯಾಸನೂರು ಕಾಡಿನ ರೋಗವನ್ನೂ ಅಭ್ಯಾಸ ಮಾಡಿದರು. ಜನಸಂಖ್ಯೆ ಹೆಚ್ಚಿ, ಕಾಡು ತುಂಡುತುಂಡಾಗಿ, ದನಗಳ ಮೇವಿನ ದಾರಿಗಳು ಒಳಗೊಳಗೆ ಚಾಚಿದುದರಿಂದ ಕಾಡಿನಲ್ಲಿಯೇ ಅಡಗಿದ್ದ ವೈರಾಣು ಮನುಷ್ಯನ ಬಳಿ ಬಂದಿತೆಂಬ ವಿಚಾರವನ್ನು 1969ರಲ್ಲಿ ಮಂಡಿಸಿದರು.

1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ನಡೆದುದು ಈ ವಿಚಾರಕ್ಕೆ ಪುಷ್ಟಿ ನೀಡುವಂತಿತ್ತು. ಗೇರು ತೋಟಕ್ಕಾಗಿ ಕಾಡನ್ನು ಕಡಿದ ಭಾಗದಲ್ಲಿ ರೋಗ ಭುಗಿಲೆದ್ದು ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಬಳಲಿದರು. ಅಮೆರಿಕದ ಈಶಾನ್ಯ ಭಾಗದಲ್ಲಿ ನಗರಗಳ ಅಂಚಿನ ಬಡಾವಣೆಗಳ ನಡುವೆ ಉಳಿದಿರುವ ಚಿಕ್ಕ ಚಿಕ್ಕ ಕಾಡಿನ ತುಣುಕುಗಳಲ್ಲಿಯೂ ಇಂತಹುದೇ ನಡೆದಿದೆ. ಅಂತಹ ತುಣುಕುಗಳಲ್ಲಿ ಇಲಿಗಳು ಹೆಚ್ಚಿ, ಅವುಗಳ ರಕ್ತವುಂಡ ಉಣುಗಿನ ಮರಿಗಳು ಅಂಗಳದಲ್ಲಿ ಆಡುವ ಮಕ್ಕಳಿಗೆ ಲೈಮ್ ಎಂಬ ರೋಗವನ್ನು ತರುತ್ತವೆ. ಅಲ್ಲಿಯೂ ಮುಖ್ಯ ಅಪರಾಧಿ ನಿಂಫ್ ಎಂಬುದು ಗಮನಾರ್ಹ.

ಶೃಂಗೇರಿಯ ಸಮೀಪದ ಮೆಣಸೆಯಂತಹ ಊರನ್ನು ನೋಡಿದರೆ ನಮ್ಮ ಸ್ಥಿತಿ ಅರ್ಥವಾಗುತ್ತದೆ. ರಸ್ತೆ, ಮನೆ, ಶಾಲೆ, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾಡು ಇವುಗಳ ನಡುವೆ ಬೇಲಿಯ ಅಂತರವೂ ಇರುವುದಿಲ್ಲ. ಕಾಡಿನಲ್ಲಿ ಹಣ್ಣು ಕಡಿಮೆಯಾದಾಗ ಮಂಗಗಳು ಹಿತ್ತಲಿಗೆ ಬರುತ್ತವೆ. ಬೀಡಾಡಿ ದನಗಳು ಪೇಟೆಯಿಂದ ಹಾಡ್ಯಕ್ಕೂ ಹಾಡ್ಯದಿಂದ ಪೇಟೆಗೂ ಓಡಾಡುತ್ತವೆ. ಲಂಟಾನದ ಪೊದೆಗಳು ಇಲಿಗಳಿಗೂ ಉಣುಗುಗಳಿಗೂ ಮನೆಯಾಗಿವೆ. ಇದಕ್ಕೆ ಸೇರಿದಂತೆ ನಾವು ದರಗನ್ನು ಗುಡಿಸಿ ಬುಟ್ಟಿಯಲ್ಲಿ ತುಂಬಿ ಮನೆಯ ಕೊಟ್ಟಿಗೆಗೇ ತರುತ್ತೇವೆ. ಕಾಡಿನೊಳಗೆ ಎಂದೂ ಕಾಲಿಡದ ವೃದ್ಧರಿಗೂ ಎಳೆಯರಿಗೂ ಜ್ವರ ಬಂದಾಗ "ಇವರಿಗೆ ಹೇಗೆ ಬಂದಿತು?" ಎಂದು ಮನೆಯವರು ಬೆರಗಾಗುತ್ತಾರೆ. ದರಗಿನ ಹೊರೆಯಲ್ಲಿಯೇ ಉಣುಗಿನ ಮರಿಗಳೂ ಮನೆಗೆ ಬಂದಿರಬಹುದು.

ಸೊಳ್ಳೆಯ ಊಟ ಬೇರೆ, ಚಿಗ್ಗರ್ ಊಟ ಬೇರೆ

ಇದೇ ತೋಟ ಕಾಡುಗಳಲ್ಲಿ ಬೇರೆ ಜ್ವರಗಳನ್ನು ತರುವ ಇನ್ನೆರಡು ಜೀವಿಗಳಿವೆ. ಅವುಗಳ ಊಟದ ಕ್ರಮ ಭಿನ್ನವಾದುದರಿಂದ ಎಚ್ಚರಿಕೆಯೂ ಭಿನ್ನ.

ಸೊಳ್ಳೆಗಳಲ್ಲಿ ರಕ್ತ ಕುಡಿಯುವುದು ಹೆಣ್ಣು ಮಾತ್ರ. ಮೊಟ್ಟೆಯ ಪೋಷಣೆಗೆ ಅದಕ್ಕೆ ರಕ್ತ ಬೇಕು. ಗಂಡು ಸೊಳ್ಳೆ ಹೂವಿನ ಮಕರಂದದಿಂದ ತೃಪ್ತಿಗೊಳ್ಳುತ್ತದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ, ಅದರಲ್ಲಿಯೂ ಬೆಳಗಿನ ಹೊತ್ತು ಮತ್ತು ಸಂಜೆಗೆ ಮುಂಚೆ ಕಚ್ಚುತ್ತದೆ. ಅದು ಒಬ್ಬರ ಮೈಮೇಲೆಯೇ ಊಟ ಮುಗಿಸುವುದಿಲ್ಲ. ಸ್ವಲ್ಪ ಅಲುಗಿದರೂ ಹಾರಿ, ಪಕ್ಕದವರನ್ನು ಕಚ್ಚಿ, ಮನೆಯಲ್ಲಿ ನಾಲ್ವರಿಗೂ ಒಟ್ಟಿಗೆ ಜ್ವರ ತರಬಲ್ಲದು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಮರದ ಬಟ್ಟಲು, ಹಳೆಯ ಟೈರು, ಪ್ಲಾಸ್ಟಿಕ್ ಹೊದಿಕೆಯ ಮಡಿಕೆ ಇವುಗಳಲ್ಲಿ ನಿಂತ ಮಳೆನೀರೇ ಅದರ ತೊಟ್ಟಿಲು. ಮಲೇರಿಯ ತರುವ ಅನಾಫಿಲಿಸ್ ಕಚ್ಚುವುದು ರಾತ್ರಿಯಲ್ಲಿ. ಆದುದರಿಂದ ಸೊಳ್ಳೆಪರದೆಯು ಮಲೇರಿಯಕ್ಕೆ ಚೆನ್ನಾಗಿ ಒದಗುತ್ತದೆ. ಡೆಂಗಿಗೆ ಹಾಳೆಯನ್ನು ಮಗುಚಿ ನೀರು ಚೆಲ್ಲುವುದೇ ಮುಖ್ಯ ಉಪಾಯ.

ಚಿಗ್ಗರ್ ಎಂಬುದು ಪೊದೆ ಹುಲ್ಲುಗಳಲ್ಲಿರುವ ಅತಿ ಸೂಕ್ಷ್ಮವಾದ ನುಸಿಯ ಮರಿ. ಅದು ಇಡೀ ಬಾಳಿನಲ್ಲಿ ಮರಿಯಾಗಿದ್ದಾಗ ಒಮ್ಮೆ ಮಾತ್ರ ಪ್ರಾಣಿಯ ಮೈಯನ್ನು ಆಶ್ರಯಿಸುತ್ತದೆ. ರಕ್ತವನ್ನು ಹೀರದೆ, ಚರ್ಮವನ್ನು ಕರಗಿಸಿ ಆ ರಸವನ್ನು ಕುಡಿಯುತ್ತದೆ. ಅದರಿಂದ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಕಲೆಯೊಂದು ಅನೇಕರಲ್ಲಿ ಕಾಣುತ್ತದೆ. ಅಂತಹ ಕಲೆ ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಈ ಜ್ವರಕ್ಕೆ ಪರಿಣಾಮಕಾರಿಯಾದ ಮಾತ್ರೆಗಳಿವೆ.

ಆಯುರ್ವೇದದ ದೃಷ್ಟಿ

ನಮ್ಮ ಪೂರ್ವಾಚಾರ್ಯರು ಕಚ್ಚುವ ಕ್ಷುದ್ರಜೀವಿಗಳನ್ನು ಕಡೆಗಣಿಸಿರಲಿಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಕೀಟವಿಷಗಳಿಗೇ ಒಂದು ಅಧ್ಯಾಯವಿದೆ. ಅಲ್ಲಿ ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂದು ಐದು ಬಗೆಯ ಸೊಳ್ಳೆಗಳನ್ನು ಹೆಸರಿಸಿ, ಪಾರ್ವತೀಯ ಎಂದರೆ ಬೆಟ್ಟದ ಸೊಳ್ಳೆಯ ಕಡಿತವು ಪ್ರಾಣ ತೆಗೆಯುವ ಕೀಟಗಳ ಕಡಿತಕ್ಕೆ ಸಮಾನವೆಂದು ಹೇಳಲಾಗಿದೆ. ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಊರಿಗೆ ಊರೇ ರೋಗಕ್ಕೆ ತುತ್ತಾಗುವ ಬಗೆಯನ್ನು ವಿವೇಚಿಸುತ್ತದೆ. ವಾಯು, ಜಲ, ದೇಶ, ಕಾಲ ಈ ನಾಲ್ಕು ಕೆಟ್ಟಾಗ ವಾತ, ಪಿತ್ತ, ಕಫ ಪ್ರಕೃತಿಗಳ ಭೇದವಿಲ್ಲದೆ ಎಲ್ಲರೂ ಒಂದೇ ರೋಗದಿಂದ ಬಳಲುತ್ತಾರೆಂಬುದು ಅದರ ತಾತ್ಪರ್ಯ. ದೇಶ ಕೆಟ್ಟಿರುವುದರ ಲಕ್ಷಣಗಳಲ್ಲಿ ಸೊಳ್ಳೆ, ನೊಣ, ಇಲಿಗಳ ಹೆಚ್ಚಳವನ್ನೂ ಎಣಿಸಲಾಗಿದೆ. ಮಂಗನ ಕಾಯಿಲೆಯನ್ನು ನಾವು ದೇಶ ಮತ್ತು ಕಾಲಗಳ ದೋಷವೆಂದು ಗ್ರಹಿಸಿದರೆ ತಪ್ಪಾಗದು.

ಆದರೆ ಆಯುರ್ವೇದದ ವೈದ್ಯರಾಗಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮಂಗನ ಕಾಯಿಲೆಯ ವೈರಾಣುವನ್ನು ನಾಶಮಾಡುವ ಔಷಧಿ ಆಯುರ್ವೇದದಲ್ಲಿಯೂ ಇಲ್ಲ, ಅಲೋಪಥಿಯಲ್ಲಿಯೂ ಇಲ್ಲ. ರಕ್ತದೊತ್ತಡ, ರಕ್ತಸ್ರಾವ, ದೇಹದ ನೀರಿನಂಶ ಇವುಗಳನ್ನು ಗಂಟೆಗಂಟೆಗೂ ಗಮನಿಸುವ ಆಸ್ಪತ್ರೆಯ ಆರೈಕೆಯೇ ಪ್ರಾಣವನ್ನು ಉಳಿಸುತ್ತದೆ. ಮನೆಯ ಕಷಾಯವನ್ನು ನಂಬಿ ನಾಲ್ಕು ದಿನ ಕಳೆಯುವುದು ಸರ್ವಥಾ ಸಲ್ಲದು. ಮೈಕೈ ನೋವೆಂದು ಎಣ್ಣೆ ಹಚ್ಚಿ ನೀವಿಸಿಕೊಳ್ಳುವ ರೂಢಿಯೂ ನಮ್ಮಲ್ಲಿದೆ. ಹೊಸ ಜ್ವರದಲ್ಲಿ ಅಭ್ಯಂಗವನ್ನೂ ದೇಹಶ್ರಮವನ್ನೂ ಶಾಸ್ತ್ರವೇ ನಿಷೇಧಿಸಿದೆ. ಜ್ವರ ಇಳಿದ ಬಳಿಕ ಗಂಜಿ, ಹೆಸರುಬೇಳೆಯ ತಿಳಿ ಮುಂತಾದ ಲಘು ಆಹಾರದಿಂದ ಅಗ್ನಿಯನ್ನು ಮೆಲ್ಲನೆ ಉದ್ದೀಪನಗೊಳಿಸಿ, ಕೆಲವು ವಾರ ವಿಶ್ರಾಂತಿ ನೀಡಿ ಬಲವನ್ನು ಮರಳಿ ತರುವಲ್ಲಿ ಆಯುರ್ವೇದದ ಪಥ್ಯವು ಒದಗಿಬರುತ್ತದೆ.

ಜ್ವರದ ಲಕ್ಷಣಗಳು

ಉಣುಗು ಕಚ್ಚಿದ ಸುಮಾರು 3ರಿಂದ 8 ದಿನಗಳಲ್ಲಿ ಜ್ವರವು ಒಮ್ಮೆಲೇ ಏರುತ್ತದೆ. ಹಣೆಯ ಭಾಗದಲ್ಲಿ ಸಹಿಸಲಾರದ ತಲೆನೋವು, ಕುತ್ತಿಗೆ, ಸೊಂಟ ಮತ್ತು ಮೀನಖಂಡಗಳಲ್ಲಿ ತೀವ್ರವಾದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ಏಳಲಾರದಷ್ಟು ನಿಶ್ಶಕ್ತಿ ಇದರ ಲಕ್ಷಣಗಳು. ಕೆಲವರಲ್ಲಿ ಮೂಗು, ಒಸಡುಗಳಿಂದ ರಕ್ತ ಒಸರುತ್ತದೆ. ಬಹುಜನರು ಒಂದೆರಡು ವಾರಗಳಲ್ಲಿ ಗುಣಮುಖರಾಗುತ್ತಾರೆ. ಆದರೆ ನೂರಕ್ಕೆ 10ರಿಂದ 20 ಜನರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಮತ್ತೆ ಜ್ವರ ಮರುಕಳಿಸಿ, ಕುತ್ತಿಗೆ ಬಿಗಿತ, ನಡುಕ, ಮನಸ್ಸಿನ ಗೊಂದಲಗಳು ಕಾಣಿಸಿಕೊಳ್ಳುತ್ತವೆ. ರೋಗ ತಗುಲಿದವರಲ್ಲಿ ನೂರಕ್ಕೆ 3ರಿಂದ 5 ಜನರ ಪ್ರಾಣಕ್ಕೆ ಅಪಾಯವಾಗುತ್ತದೆ.

ಆರಂಭದಲ್ಲಿ ಇದು ಡೆಂಗಿ, ಇಲಿಜ್ವರ, ಟೈಫಾಯ್ಡ್‌ಗಳನ್ನೇ ಹೋಲುತ್ತದೆ. ರಕ್ತಪರೀಕ್ಷೆಯಿಂದಲೇ ನಿಶ್ಚಯವಾಗಬೇಕು. ಜ್ವರದ ಮೊದಲ ದಿನಗಳಲ್ಲಿಯೇ ಪರೀಕ್ಷೆ ಮಾಡಿಸಿದರೆ ವೈರಾಣು ಸುಲಭವಾಗಿ ಪತ್ತೆಯಾಗುತ್ತದೆ. ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಂದು ನುಂಗಬಾರದು. ಆಸ್ಪಿರಿನ್, ಐಬುಪ್ರೊಫೆನ್‌ಗಳಂತಹ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

ಸದ್ಭಕ್ತರು ಪಾಲಿಸಬೇಕಾದ ಕ್ರಮಗಳು

1. ನವೆಂಬರಿನಿಂದ ಮೇ ತಿಂಗಳವರೆಗೆ ಅನಿವಾರ್ಯವಲ್ಲದೆ ಕಾಡಿಗೆ ಹೋಗಬಾರದು. ವರ್ಷಕ್ಕೆ ಬೇಕಾದ ದರಗು, ಸೌದೆಗಳನ್ನು ಮಂಗ ಸತ್ತ ಜಾಗದ ಸುತ್ತಮುತ್ತಲಿನಿಂದ ಎಂದಿಗೂ ತರಬಾರದು. ತಂದ ದರಗನ್ನು ಮನೆಯ ಜಗಲಿ, ಮಲಗುವ ಜಾಗಗಳ ಬಳಿ ರಾಶಿ ಹಾಕಬಾರದು.

2. ಹೋಗಲೇಬೇಕಾದಾಗ ಮೈತುಂಬ ಬಟ್ಟೆ ತೊಡಬೇಕು. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ಉಣುಗು ಕಾಲಿನಿಂದ ಮೇಲಕ್ಕೆ ಹತ್ತುವುದರಿಂದ ಇದೊಂದೇ ಕ್ರಮವು ಬಹಳಷ್ಟು ರಕ್ಷಣೆ ನೀಡುತ್ತದೆ. ಹೆಣ್ಣುಮಕ್ಕಳು ಸೀರೆಯ ಒಳಗೆ ಪ್ಯಾಂಟು, ಮೇಲೆ ತುಂಬುತೋಳಿನ ಅಂಗಿ ತೊಡುವುದು ಒಳ್ಳೆಯದು. ಬಟ್ಟೆ ತಿಳಿಬಣ್ಣದ್ದಾಗಿದ್ದರೆ ಹರಿದಾಡುವ ಮರಿ ಕಣ್ಣಿಗೆ ಬೀಳುತ್ತದೆ.

3. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲು, ಕುತ್ತಿಗೆಗಳಿಗೆ ಹಚ್ಚಿಕೊಂಡು ಹೊರಡಬೇಕು. ಬೇವು, ಹೊಂಗೆ ಎಣ್ಣೆಗಳ ವಾಸನೆ ಅಲ್ಪಕಾಲ ಮಾತ್ರ ಉಳಿಯುವುದರಿಂದ ಅವುಗಳನ್ನಷ್ಟೇ ನಂಬಿಕೊಳ್ಳಬಾರದು.

4. ಮನೆಗೆ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಕಿವಿಯ ಹಿಂಭಾಗ, ಹೆಗ್ಗತ್ತು, ಕಂಕುಳು, ಮಂಡಿಯ ಹಿಂದಿನ ಮಡಿಕೆ, ತೊಡೆಯ ಸಂದು, ಉಡಿದಾರದ ಅಡಿ, ಶಿವದಾರ ಮತ್ತು ತಾಳಿಯ ಸರಗಳು ತಾಗುವ ಜಾಗ ಇವುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಮಕ್ಕಳನ್ನೂ ವೃದ್ಧರನ್ನೂ ಮನೆಯವರೇ ಪರೀಕ್ಷಿಸಬೇಕು.

5. ಕಚ್ಚಿ ಕುಳಿತ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಅತಿ ಸಮೀಪದಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆದು ತೆಗೆಯಬೇಕು. ಬೀಡಿಯ ಬೆಂಕಿ, ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪುಗಳನ್ನು ತಾಗಿಸಬಾರದು. ಹೊಟ್ಟೆಯನ್ನು ಹಿಚುಕಬಾರದು, ಉಗುರಿನಿಂದ ಕುಕ್ಕಬಾರದು. ತೆಗೆದ ಬಳಿಕ ಸಾಬೂನಿನಿಂದ ತೊಳೆಯಬೇಕು. ಬೇಗ ತೆಗೆದಷ್ಟೂ ಒಳ್ಳೆಯದೇ. ಆದರೆ ವೈರಾಣು ಎಂಜಲಿನಲ್ಲಿಯೇ ಇರುವುದರಿಂದ ಕಚ್ಚದಂತೆ ನೋಡಿಕೊಳ್ಳುವುದೇ ಮೊದಲ ರಕ್ಷಣೆ.

6. ಸತ್ತ ಮಂಗವನ್ನು ಕಂಡರೆ ಮುಟ್ಟಬಾರದು, ಹೂಳಲೂ ಹೋಗಬಾರದು. ಗ್ರಾಮ ಪಂಚಾಯಿತಿಗೋ, ಅರಣ್ಯ ಇಲಾಖೆಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಬೇಕು. ಅವರು ದೇಹವನ್ನು ಪರೀಕ್ಷೆಗೆ ಒಳಪಡಿಸಿ, ಸುತ್ತಲಿನ ಜಾಗಕ್ಕೆ ಕೀಟನಾಶಕ ಪುಡಿ ಹಾಕಿಸುತ್ತಾರೆ. ಮಂಗಗಳನ್ನು ಕೊಲ್ಲುವುದರಿಂದಾಗಲಿ, ಬೆದರಿಸಿ ಓಡಿಸುವುದರಿಂದಾಗಲಿ ರೋಗ ನಿಲ್ಲುವುದಿಲ್ಲ. ಅವು ಉಣುಗುಗಳನ್ನು ಹೊತ್ತು ಮತ್ತೊಂದು ಊರಿಗೆ ಹೋಗುತ್ತವೆ ಅಷ್ಟೆ.

7. ದನಕರುಗಳ ಮೈಯ ಉಣುಗಿಗೆ ಪಶುವೈದ್ಯರ ಸಲಹೆಯಂತೆ ಔಷಧ ಹಾಕಿಸಬೇಕು. ಮನೆಯ ಸುತ್ತಲಿನ ಲಂಟಾನದ ಪೊದೆಗಳನ್ನು ಮಳೆಗಾಲದಲ್ಲಿಯೇ ಸವರಬೇಕು.

8. ಈ ಹಿಂದೆ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ನೀಡದೆ ಹೋದುದರಿಂದ ಅದನ್ನು ನಿಲ್ಲಿಸಲಾಗಿದೆ. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕಾರ್ಯ ನಡೆದಿದೆ. ಹಿಂದೆ ಚುಚ್ಚಿಸಿಕೊಂಡವರು ಆ ಧೈರ್ಯದಿಂದ ಎಚ್ಚರ ತಪ್ಪಬಾರದು.

ತೋಟದ ಯಜಮಾನರಲ್ಲಿ ಒಂದು ವಿನಂತಿ

ಇಂದು ನಮ್ಮ ತೋಟಗಳಲ್ಲಿ ಕೊಯ್ಲಿನ ಕೆಲಸ ಮಾಡುವವರಲ್ಲಿ ಬಯಲುಸೀಮೆಯಿಂದಲೂ, ದೂರದ ಅಸ್ಸಾಂ, ಒಡಿಶಾ, ಜಾರ್ಖಂಡ್‌ಗಳಿಂದಲೂ ಬಂದವರು ಬಹುಮಂದಿ. ಅವರಿಗೆ ಉಣುಗಿನ ಪರಿಚಯವೂ ಇಲ್ಲ, ಮಂಗನ ಕಾಯಿಲೆಯ ಹೆಸರೂ ತಿಳಿದಿಲ್ಲ. ಒಂದು ದಿನದ ಕೂಲಿ ತಪ್ಪುವ ಭಯದಿಂದ ಜ್ವರವನ್ನು ಮುಚ್ಚಿಟ್ಟುಕೊಂಡು, ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಇಳಿಯುತ್ತಾರೆ. ಅವರು ನಮ್ಮ ಬಳಿ ಬರುವ ವೇಳೆಗೆ ಅಮೂಲ್ಯವಾದ ನಾಲ್ಕೈದು ದಿನಗಳು ಕಳೆದಿರುತ್ತವೆ. ನಾವು ಉಣ್ಣುವ ಅನ್ನದಲ್ಲಿ ಅವರ ಕಾಯಕದ ಪಾಲಿದೆ. ಬೆಳಗ್ಗೆ ಕೆಲಸಕ್ಕೆ ಕಳುಹಿಸುವ ಮುನ್ನ ಅವರ ಕೈಗೆ ತೈಲದ ಬಾಟಲಿ ಕೊಡುವುದು, ಸಂಜೆ ಸ್ನಾನಕ್ಕೆ ಒಂದು ಹಂಡೆ ಬಿಸಿನೀರು ಕಾಯಿಸಿಡುವುದು, ಜ್ವರವೆಂದು ಹೇಳಿದ ದಿನವೇ ಕೂಲಿ ಕಡಿಯದೆ ಆಸ್ಪತ್ರೆಗೆ ಕರೆದೊಯ್ಯುವುದು ಇವು ಯಜಮಾನರಾದವರ ಕರ್ತವ್ಯ.

ಕಾಡಿನ ಅಂಚಿನಲ್ಲಿ ಬಾಳುವ ನಮಗೆ ಉಣುಗನ್ನು ಪೂರ್ಣವಾಗಿ ಇಲ್ಲವಾಗಿಸುವುದು ಸಾಧ್ಯವಿಲ್ಲ. ಅದರ ಊಟದ ಕಾಲ ಬಂದಾಗ ಅದಕ್ಕೆ ಸಿಗದಂತೆ ಇರುವುದು ಸಾಧ್ಯ. ಈ ತಿಂಗಳುಗಳಲ್ಲಿ ಮನೆಯಲ್ಲಿಯೋ ಲೈನಿನಲ್ಲಿಯೋ ಯಾರಿಗಾದರೂ ಜ್ವರ ಬಂದರೆ ಕಾಡು, ತೋಟ, ದರಗು, ಸತ್ತ ಮಂಗ ಇವುಗಳ ಸಂಪರ್ಕವಿತ್ತೇ ಎಂಬುದನ್ನು ವೈದ್ಯರು ಕೇಳುವ ಮೊದಲೇ ತಿಳಿಸಿರಿ. ಸಮಸ್ತ ಸದ್ಭಕ್ತರಿಗೂ, ಅವರ ತೋಟಗಳಲ್ಲಿ ದುಡಿಯುವ ಎಲ್ಲರಿಗೂ ಈ ಸುಗ್ಗಿಯು ಆರೋಗ್ಯದಿಂದ ಕಳೆಯಲೆಂದು ಹಾರೈಸುತ್ತೇವೆ.